ಕ್ವೇಸಾರ್ ಹಾಗೂ ರೇಡಿಯೋ ಗೆಲಾಕ್ಸಿಗಳ ದೂರವನ್ನು ಅಳೆಯುವ ವಿಧಾನ

ಪೀಠಿಕೆ

ರೇಡಿಯೋ ದೂರದರ್ಶಕಗಳ ಮೂಲಕ ಆಕಾಶದಲ್ಲಿ ಸಹಸ್ರಾರು ರೇಡಿಯೋ ಆಕರಗಳನ್ನು ಗುರುತಿಸಲಾಗಿದೆ. ಆದರೆ ಸಂಕೇತವು ಪ್ರಬಲವಾಗಿದೆಯೆಂಬ ಕಾರಣಕ್ಕೆ ಆಕರವು ಸಮೀಪದಲ್ಲಿದೆಯೆಂದು ಹೇಳಲಾಗದು. ಬಹುದೂರದ ಅತಿಶಕ್ತ ಆಕರವೂ ಹಾಗೆಯೇ ತೋರಬಹುದು. ಇವುಗಳ ರೇಡಿಯೋ ವಿಕಿರಣವು ಸಾಮಾನ್ಯವಾಗಿ ಅಖಂಡವಾಗಿ ಹರಡಿದ್ದು, ಅದರಲ್ಲಿ ದೂರವನ್ನು ಸೂಚಿಸುವ ರೇಖೆಗಳು ಕಂಡುಬರುವುದಿಲ್ಲ. ಆದುದರಿಂದ ಅದೇ ಕಾಯದ ಬೆಳಕಿನ ರೋಹಿತವನ್ನು ಪರಿಶೀಲಿಸುವುದು ಅವಶ್ಯವಾಗುತ್ತದೆ.

ಅಳತೆಯ ಹಂತಗಳು

1. ರೇಡಿಯೋ ಆಕರದ ಸ್ಥಾನವನ್ನು ನಿಖರವಾಗಿ ಗೊತ್ತುಪಡಿಸಿ, ಅಲ್ಲಿ ಬೆಳಕಿನಲ್ಲಿ ಕಾಣುವ ಕಾಯವನ್ನು ಗುರುತಿಸುವುದು.
2. ರೋಹಿತಮಾಪಕದಿಂದ ಬೆಳಕನ್ನು ಬಿಡಿಸಿ, ಜಲಜನಕ, ಆಮ್ಲಜನಕ ಮೊದಲಾದ ಧಾತುಗಳ ರೇಖೆಗಳನ್ನು ಪತ್ತೆಹಚ್ಚುವುದು.
3. ರೇಖೆಗಳ ತರಂಗಾಂತರವನ್ನು ಪ್ರಯೋಗಶಾಲೆಯ ಮೌಲ್ಯದೊಡನೆ ಹೋಲಿಸುವುದು. ವಿಶ್ವವು ಹಿಗ್ಗುತ್ತಿರುವುದರಿಂದ ಬೆಳಕಿನ ಅಲೆಗಳೂ ಹಿಗ್ಗಿ, ರೇಖೆಗಳು ಕೆಂಪಿನ ಕಡೆಗೆ ಸರಿದಿರುತ್ತವೆ. ಇದನ್ನು ಕೆಂಪು ಪಲ್ಲಟ ಎನ್ನಲಾಗುತ್ತದೆ.
4. ವಿಶ್ವದ ಹಿಗ್ಗುವಿಕೆಯ ದರವನ್ನು ಬಳಸಿ, ಪಲ್ಲಟದಿಂದ ದೂರವನ್ನು ಲೆಕ್ಕ ಹಾಕುವುದು.

ಉದಾಹರಣೆಗಳು

ಸಿಗ್ನಸ್ ಎ ಎಂಬ ರೇಡಿಯೋ ಆಕರವು ದೂರದ ಗೆಲಾಕ್ಸಿಯೆಂದು ಬಾಡೆ ಮತ್ತು ಮಿಂಕೋವ್ಸ್ಕಿ ಅವರು 1954ರಲ್ಲಿ ರೋಹಿತದ ಆಧಾರದಿಂದ ತಿಳಿಸಿದರು. ಅದರ ಪಲ್ಲಟ 0.056.

3ಸಿ 273 ಎಂಬ ಆಕರವನ್ನು ಚಂದ್ರನು ಮರೆಮಾಡಿದ ಕ್ಷಣಗಳನ್ನು 1962ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ದಾಖಲಿಸಿ, ಅದರ ಸ್ಥಾನವನ್ನು ನಿರ್ಧರಿಸಲಾಯಿತು. ಅಲ್ಲಿ ಕಂಡದ್ದು ನಕ್ಷತ್ರದಂತಹ ಒಂದು ಬಿಂದು. ಅಮೆರಿಕದ ಪಾಲೋಮಾರ್ ವೀಕ್ಷಣಾಲಯದ 200 ಅಂಗುಲದ ದೂರದರ್ಶಕದಿಂದ ಅದರ ರೋಹಿತವನ್ನು ಪಡೆದ ಮಾರ್ಟೆನ್ ಸ್ಮಿತ್ ಅವರು, ಅಪರಿಚಿತವೆಂದು ತೋರುತ್ತಿದ್ದ ರೇಖೆಗಳು ಜಲಜನಕದವೇ ಎಂದು 1963ರಲ್ಲಿ ಗುರುತಿಸಿದರು. 486.1 ನ್ಯಾನೋಮೀಟರಿನಲ್ಲಿ ಇರಬೇಕಾದ ರೇಖೆಯು ಸುಮಾರು 563 ನ್ಯಾನೋಮೀಟರಿನಲ್ಲಿತ್ತು. ವ್ಯತ್ಯಾಸವಾದ 76.9ನ್ನು 486.1ರಿಂದ ಭಾಗಿಸಿದರೆ ಪಲ್ಲಟ 0.158 ದೊರೆಯುತ್ತದೆ. ಅಂದರೆ ಆ ಬೆಳಕು ನಮ್ಮನ್ನು ತಲಪಲು ಸುಮಾರು 200 ಕೋಟಿ ವರ್ಷ ಪಯಣಿಸಿದೆ. ನಕ್ಷತ್ರವೆಂದು ಭಾವಿಸಲಾಗಿದ್ದುದು ಕ್ವೇಸಾರ್ ಎಂದು ತಿಳಿದುಬಂದದ್ದು ಹೀಗೆ.

ಗಮನಿಸಬೇಕಾದ ಅಂಶಗಳು

* ಒಂದೇ ರೇಖೆಯನ್ನು ಆಧರಿಸಿದ ನಿರ್ಣಯವು ತಪ್ಪಾಗುವ ಸಂಭವವಿದೆ. ಎರಡು ಅಥವಾ ಹೆಚ್ಚು ರೇಖೆಗಳು ಒಂದೇ ಪಲ್ಲಟವನ್ನು ತೋರಿದಾಗ ಅದು ಖಚಿತವಾಗುತ್ತದೆ.
* ನೇರವಾಗಿ ಅಳೆಯಲಾಗುವುದು ಪಲ್ಲಟವೇ ಹೊರತು ದೂರವಲ್ಲ. ಹಿಗ್ಗುವಿಕೆಯ ದರವನ್ನು ಅಳೆಯುವ ವಿವಿಧ ವಿಧಾನಗಳು, ಸುಮಾರು 32.6 ಲಕ್ಷ ಜ್ಯೋತಿರ್ವರ್ಷಗಳಿಗೆ ಸೆಕೆಂಡಿಗೆ 67ರಿಂದ 73 ಕಿ.ಮೀ.ವರೆಗಿನ ಮೌಲ್ಯಗಳನ್ನು ನೀಡುತ್ತವೆ. ಆದುದರಿಂದ ದೂರದ ಅಂಕಿಯನ್ನು ಅಂದಾಜೆಂದು ಪರಿಗಣಿಸತಕ್ಕದ್ದು.

ಭಾರತದಲ್ಲಿನ ಸೌಲಭ್ಯ

ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯ ಚಂದ್ರ ದೂರದರ್ಶಕದಲ್ಲಿ ರೋಹಿತಮಾಪಕವನ್ನು ಅಳವಡಿಸಲಾಗಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಇದನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಿರ್ವಹಿಸುತ್ತದೆ. ವೀಕ್ಷಣಾ ಸಮಯವನ್ನು ಸಂಶೋಧನಾ ಪ್ರಸ್ತಾವನೆಗಳ ಪರಿಶೀಲನೆಯ ನಂತರ ಹಂಚಲಾಗುತ್ತದೆ.