ಕಳೆದ ಓಲೆ, ಕಳೆದ ಕೀಲಿಕೈ

2011ನೆಯ ಇಸವಿಯ ಫೆಬ್ರವರಿ 27ರಂದು ಜೀಮೇಲ್ ಬಳಸುತ್ತಿದ್ದ ಸಾವಿರಾರು ಜನರು ಎಂದಿನಂತೆ ತಮ್ಮ ಅಂಚೆಪೆಟ್ಟಿಗೆಯನ್ನು ತೆರೆದು ನೋಡಲು, ವರ್ಷಗಟ್ಟಲೆ ಕೂಡಿಟ್ಟಿದ್ದ ಪತ್ರವ್ಯವಹಾರವೆಲ್ಲವೂ ಮಾಯವಾಗಿ, ಅದು ಆಗತಾನೆ ಹೊಸದಾಗಿ ತೆರೆದ ಖಾತೆಯಂತೆ ಬರಿದಾಗಿತ್ತು. ಇಂಥವರು ಒಟ್ಟು ಬಳಕೆದಾರರಲ್ಲಿ ಶೇಕಡಾ 0.02ರಷ್ಟು ಮಾತ್ರವೆಂದು ಗೂಗಲ್ ಸಂಸ್ಥೆಯವರು ಮರುದಿನ ತಿಳಿಸಿದರು. ಪ್ರಮಾಣವೇನೋ ಅತ್ಯಲ್ಪ, ಆದರೆ ಗತಿಸಿದ ತಾಯಿಯ ಕೊನೆಯ ಓಲೆಯನ್ನು ಅಲ್ಲಿ ಇಟ್ಟುಕೊಂಡಿದ್ದವನಿಗೆ ಪ್ರಮಾಣದ ಲೆಕ್ಕದಿಂದ ದೊರೆಯತಕ್ಕ ಸಮಾಧಾನವೇನು?

ಸಂಗ್ರಹವನ್ನು ನಿರ್ವಹಿಸುವ ತಂತ್ರಾಂಶಕ್ಕೆ ಮಾಡಿದ ಹೊಸ ತಿದ್ದುಪಡಿಯೊಂದರಲ್ಲಿ ದೋಷ ನುಸುಳಿದ್ದುದೇ ಈ ಅನರ್ಥಕ್ಕೆ ಕಾರಣವಾಗಿತ್ತು. ಇಂಥ ಸಂಸ್ಥೆಗಳು ಪ್ರತಿಯೊಂದು ಓಲೆಯ ಹಲವು ಪ್ರತಿಗಳನ್ನು ದೂರದೂರದ ದತ್ತಾಂಶ ಕೇಂದ್ರಗಳಲ್ಲಿ ಇರಿಸುವುದುಂಟು. ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೂ, ಒಂದು ಊರಿಗೆ ವಿದ್ಯುತ್ತು ನಿಂತರೂ, ಮತ್ತೊಂದೆಡೆಯ ಪ್ರತಿ ಉಳಿಯಲೆಂಬುದು ಇದರ ಉದ್ದೇಶ. ಆದರೆ ಆ ಪ್ರತಿಗಳೆಲ್ಲವೂ ಒಂದೇ ತಂತ್ರಾಂಶದ ಆಜ್ಞೆಯನ್ನು ಪಾಲಿಸತಕ್ಕವು. ಆಜ್ಞೆಯೇ ತಪ್ಪಿದ ದಿನ ಅವು ಒಟ್ಟೊಟ್ಟಿಗೇ ಅಳಿಯುವ ಸಂಭವವೂ ಉಂಟು. ಅಂದು ಸಂಭವಿಸಿದುದು ಅದೇ. ಓಲೆಗಳನ್ನು ಕಡೆಗೆ ಕಾಪಾಡಿದುವು ಆಯಸ್ಕಾಂತೀಯ ಟೇಪುಗಳು. ಹಳೆಯ ಕಾಲದವೆಂದು ಅನೇಕರು ಮರೆತೇಬಿಟ್ಟಿದ್ದ ಈ ಸುರುಳಿಗಳು ಜಾಲದಿಂದ ಬೇರ್ಪಟ್ಟು ಸುಮ್ಮನೆ ಇದ್ದುದರಿಂದಲೇ ತಪ್ಪಾದ ಆಜ್ಞೆ ಅವುಗಳನ್ನು ಮುಟ್ಟಲಾರದೆ ಹೋಯಿತು. ಮತ್ತೊಂದು ಕೇಂದ್ರದಿಂದ ಪ್ರತಿ ತರಲು ಕ್ಷಣಗಳು ಸಾಕಾಗುವಲ್ಲಿ, ಟೇಪಿನಿಂದ ಓದಿ ತುಂಬಲು ಗಂಟೆಗಟ್ಟಲೆ ಹಿಡಿಯಿತು. ಆ ನಿಧಾನ ಮತ್ತು ಆ ದೂರವೇ ಅದರ ಗುಣ. ಅಪಾಯವು ತಲುಪಬಲ್ಲ ಜಾಗದಲ್ಲಿಯೇ ಇರುವ ಪ್ರತಿಯನ್ನು ನಿಜವಾದ ಪ್ರತಿಯೆಂದು ಎಣಿಸಕೂಡದೆಂಬುದನ್ನು ನಾನು ಅರಿತುಕೊಂಡುದು ಈ ಘಟನೆಯ ವೃತ್ತಾಂತದಿಂದ.

ನಾವೇ ಕೈತಪ್ಪಿ ಅಳಿಸಿದ ಓಲೆಯ ವಿಚಾರ ಇಷ್ಟು ಕಠಿನವಲ್ಲ. ಜೀಮೇಲಿನಲ್ಲಿ ಅದು ಕಸದ ಬುಟ್ಟಿಯಲ್ಲಿ 30 ದಿನ ಕಾದಿರುತ್ತದೆ. ಮನೆಯ ಗಣಕಯಂತ್ರಕ್ಕೆ ಇಳಿಸಿಕೊಂಡ ಅಂಚೆಯಾದರೆ, ಅಲ್ಲಿ ಅಳಿಸುವುದೆಂದರೆ ಶಾನುಭೋಗರು ಖಾತೆ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದಂತೆ: ಹೆಸರು ಹೋದರೂ, ಮತ್ತೊಬ್ಬನು ಬಂದು ಉಳುವ ತನಕ ಹೊಲದಲ್ಲಿ ಪೈರು ಹಾಗೆಯೇ ನಿಂತಿರುತ್ತದೆ. ಆದುದರಿಂದ ತಪ್ಪು ತಿಳಿದೊಡನೆ ಆ ಯಂತ್ರದಲ್ಲಿ ಹೊಸದಾಗಿ ಏನನ್ನೂ ಬರೆಯದಿರುವುದು ಮೊದಲ ಕರ್ತವ್ಯ. ಈಚಿನ ಗಣಕಯಂತ್ರಗಳಲ್ಲಿರುವ ಎಸ್‌ಎಸ್‌ಡಿ ಎಂಬ ಸಂಗ್ರಹ ಸಾಧನಗಳು ಬಿಡುವಾದ ಜಾಗವನ್ನು ಬಹುಬೇಗ ತಾವಾಗಿಯೇ ಒರೆಸಿಬಿಡುವುದರಿಂದ ಅವುಗಳಲ್ಲಿ ಈ ಆಸೆಯೂ ಕ್ಷೀಣ.

ಓಲೆಗಳೆಲ್ಲ ಸುರಕ್ಷಿತವಾಗಿದ್ದು ಕೀಲಿಕೈ ಕಳೆದುಹೋಗುವುದು ಇನ್ನೊಂದು ಬಗೆ. ಇಂದು ಹೆಚ್ಚು ಜನರನ್ನು ಕಾಡುವುದೂ ಇದೇ. ಪಾಸ್‌ವರ್ಡ್ ಮರೆತವರು, ‘ನನ್ನ ಹಳೆಯ ಪಾಸ್‌ವರ್ಡನ್ನೇ ತಿಳಿಸಿಬಿಡಬಾರದೇ’ ಎಂದು ಕೇಳುವುದುಂಟು. ಒಳ್ಳೆಯ ಸಂಸ್ಥೆಗೆ ಅದು ಗೊತ್ತಿರುವುದಿಲ್ಲ, ಗೊತ್ತಿರಲೂ ಕೂಡದು. ಮೊದಮೊದಲು ಈ ಎಚ್ಚರ ಇರಲಿಲ್ಲ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1960ರ ದಶಕದ ಆದಿಯಲ್ಲಿ ಅನೇಕರು ಏಕಕಾಲಕ್ಕೆ ಬಳಸಬಲ್ಲ ಸಿಟಿಎಸ್‌ಎಸ್ ಎಂಬ ಗಣಕ ವ್ಯವಸ್ಥೆಯನ್ನು ಕಟ್ಟಿ, ಅದಕ್ಕೆ ಪಾಸ್‌ವರ್ಡಿನ ಬಾಗಿಲನ್ನಿಟ್ಟರು. ಆದರೆ ಎಲ್ಲರ ಪಾಸ್‌ವರ್ಡುಗಳೂ ಯಥಾವತ್ತಾಗಿ ಒಂದು ಕಡತದಲ್ಲಿ ಬರೆದಿದ್ದುವು. ಮುಂದೊಂದು ದಿನ ಎರಡು ಕಡತಗಳು ಅದಲುಬದಲಾಗಿ, ಒಳಬಂದವರಿಗೆಲ್ಲ ದಿನದ ಪ್ರಕಟಣೆಯ ಸ್ಥಾನದಲ್ಲಿ ಆ ಪಟ್ಟಿಯೇ ಮೂಡಿತು. ಇಂದು ಪಾಸ್‌ವರ್ಡನ್ನು ಗಣಿತದ ಬೀಸುಕಲ್ಲಿಗೆ ಹಾಕಿ, ಬಂದ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ರಾಗಿಯಿಂದ ಹಿಟ್ಟಾಗುವುದೇ ಹೊರತು ಹಿಟ್ಟಿನಿಂದ ರಾಗಿಯ ಕಾಳಾಗುವುದುಂಟೆ? ನೀವು ಮರಳಿ ಬಂದಾಗ ಕೊಟ್ಟದ್ದನ್ನು ಮತ್ತೆ ಬೀಸಿ, ಹಿಟ್ಟಿಗೆ ಹಿಟ್ಟನ್ನು ಹೋಲಿಸುವರು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೂ ಹಿಟ್ಟು ಒಂದೇ ಆಗದಂತೆ ಪ್ರತಿಯೊಬ್ಬರದಕ್ಕೂ ಬೇರೆಬೇರೆ ‘ಉಪ್ಪು’ ಬೆರೆಸುವ ಉಪಾಯವನ್ನು ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ. ಹಳೆಯ ಪಾಸ್‌ವರ್ಡನ್ನು ಇದ್ದಂತೆಯೇ ಬರೆದು ಕಳುಹಿಸುವ ಜಾಲತಾಣವನ್ನು, ಅದು ಎಷ್ಟೇ ಉಪಕಾರಿಯಾಗಿ ಕಂಡರೂ, ನಂಬತಕ್ಕದ್ದಲ್ಲ.

ಹಾಗಾದರೆ ಕೀಲಿಕೈ ಕಳೆದವನು ಮನೆಯ ಯಜಮಾನನೇ ಹೌದೆಂದು ತಿಳಿಯುವ ಬಗೆ ಹೇಗೆ? ಬಹುಕಾಲ ಇದಕ್ಕೆ ಗುಟ್ಟಿನ ಪ್ರಶ್ನೆಗಳನ್ನು ಕೇಳುತ್ತಿದ್ದರು. 2008ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಖಾತೆಯನ್ನು ಒಬ್ಬ ವಿದ್ಯಾರ್ಥಿ ಹೊಕ್ಕನು. ಜನ್ಮದಿನಾಂಕ, ಊರಿನ ಪಿನ್ ಸಂಖ್ಯೆ, ಪತಿಯನ್ನು ಮೊದಲು ಕಂಡ ಸ್ಥಳ, ಇವಿಷ್ಟೇ ಅವನಿಗೆ ಬೇಕಾಗಿದ್ದುವು, ಇವಿಷ್ಟೂ ಎಲ್ಲರಿಗೂ ಎಟಕುವ ಬರಹಗಳಲ್ಲಿ ಇದ್ದುವು. ಗೂಗಲ್ಲಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಬಳಕೆದಾರರ ಮೆಚ್ಚಿನ ತಿನಿಸನ್ನು ಒಂದೇ ಊಹೆಯಲ್ಲಿ ಹೇಳಿಬಿಡುವ ಸಂಭವ ಶೇಕಡಾ 19.7. ನಮ್ಮ ನಾಡಿನ ಸ್ಥಿತಿ ಇನ್ನೂ ದುರ್ಬಲವೆಂದು ನನ್ನ ಎಣಿಕೆ. ಹೆಸರಿನ ಮುಂದಿನ ಅಕ್ಷರಗಳಲ್ಲಿಯೇ ಊರೂ ತಂದೆಯ ಹೆಸರೂ ಅಡಗಿರುವ ನಮ್ಮ ಪದ್ಧತಿಯಲ್ಲಿ, ಅಂಥ ಪ್ರಶ್ನೆಯ ಉತ್ತರದ ಅರ್ಧಭಾಗ ಬಾಗಿಲಿನ ನಾಮಫಲಕದ ಮೇಲೆಯೇ ಇರುತ್ತದೆ. ಮಿಕ್ಕುದನ್ನು ಲಗ್ನಪತ್ರಿಕೆ ಹೇಳಿಬಿಡುತ್ತದೆ.

ಈಗ ಪ್ರಶ್ನೆಗಳ ಸ್ಥಾನಕ್ಕೆ ಮೊಬೈಲ್ ಸಂಖ್ಯೆ ಬಂದಿದೆ. ಇದು ಮೇಲಾದರೂ, ಇದರಲ್ಲಿಯೂ ಒಂದು ಬಿರುಕುಂಟು: ನಾವು ಬಿಟ್ಟ ಸಂಖ್ಯೆಯನ್ನು ಕಂಪನಿಯವರು 90 ದಿನ ಕಳೆದ ಮೇಲೆ ಮತ್ತೊಬ್ಬರಿಗೆ ಕೊಡಬಹುದು. ವಿದೇಶಕ್ಕೆ ಹೋದ ಮಗನು ಇಲ್ಲಿನ ಸಿಮ್ಮನ್ನು ಬಿಟ್ಟು ಖಾತೆಯಲ್ಲಿ ಹಳೆಯ ಸಂಖ್ಯೆಯನ್ನು ಹಾಗೆಯೇ ಉಳಿಸಿದರೆ, ಅವನ ಓಟಿಪಿ ಮುಂದೆ ಯಾರೋ ಅಪರಿಚಿತರ ಕೈ ಸೇರುತ್ತದೆ. ಬೇರೆ ಅನೇಕ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಇ-ಮೇಲಿಗೇ ಬರುವುದರಿಂದ, ಈ ಒಂದು ಬಾಗಿಲು ತೆರೆದರೆ ಮಿಕ್ಕ ಬಾಗಿಲುಗಳೂ ತೆರೆದಂತೆಯೇ. ಕಳ್ಳನನ್ನು ಹೊರಹಾಕಿದ ಬಳಿಕವೂ ಸೆಟಿಂಗ್ಸಿನೊಳಗೆ ಹೋಗಿ, ಓಲೆಗಳನ್ನು ಬೇರೊಂದು ವಿಳಾಸಕ್ಕೆ ಗುಪ್ತವಾಗಿ ಸಾಗಿಸುವ ಫಾರ್ವರ್ಡಿಂಗ್ ನಿಯಮವನ್ನು ಅವನು ಬರೆದಿಟ್ಟಿರುವನೇ ಎಂದು ಪರೀಕ್ಷಿಸಬೇಕು. ಪಾಸ್‌ವರ್ಡ್ ಬದಲಾದ ಮಾತ್ರಕ್ಕೆ ಆ ನಿಯಮ ಅಳಿಯುವುದಿಲ್ಲ.

ಎರಡು ಹಂತದ ಪರಿಶೀಲನೆಯನ್ನು ಅಳವಡಿಸಿಕೊಂಡವರಿಗೆ ಗೂಗಲ್ ಸಂಸ್ಥೆಯವರು ತಲಾ ಎಂಟು ಅಂಕಿಗಳ ಹತ್ತು ಸಂಕೇತಗಳನ್ನು ಕೊಡುವರು. ಫೋನು ಕಳೆದ ದಿನ ಇವುಗಳಲ್ಲಿ ಒಂದೊಂದನ್ನು ಒಂದೊಂದು ಬಾರಿ ಬಳಸಿ ಒಳಹೋಗಬಹುದು. ಅನೇಕರು ಇವನ್ನು ಅದೇ ಫೋನಿನಲ್ಲಿಯೋ ಅದೇ ಇ-ಮೇಲಿನಲ್ಲಿಯೋ ಇಟ್ಟುಬಿಡುತ್ತಾರೆ. ನಾನು ಅವನ್ನು ಕಾಗದದ ಮೇಲೆ ಬರೆದು, ಕಪಾಟಿನಲ್ಲಿ ಮನೆಯ ಕ್ರಯಪತ್ರದ ಮಡಿಕೆಯೊಳಗೆ ಇಟ್ಟಿದ್ದೇನೆ, ಇಟ್ಟ ಜಾಗವನ್ನು ಮಗಳಿಗೂ ತೋರಿಸಿದ್ದೇನೆ.