ಬಿಸಿಲ ನಾಡಿನ ಅಡುಗೆಕಟ್ಟೆ

ಅಡುಗೆಯು ನೆಲವನ್ನು ಬಿಟ್ಟು ಸೊಂಟದೆತ್ತರಕ್ಕೆ ಏರಿದುದು ನಮ್ಮ ಮನೆಗಳ ಚರಿತ್ರೆಯಲ್ಲಿ ಬಹು ಪುರಾತನವಾದ ಘಟನೆಯೇನಲ್ಲ. ಕುಳಿತು ಹೆಚ್ಚುವ ಈಳಿಗೆಮಣೆ, ಕುಳಿತು ರುಬ್ಬುವ ಒರಳು, ಕುಳಿತೇ ಊದಬೇಕಾದ ಸೌದೆಯ ಒಲೆ, ಇವುಗಳ ನಡುವೆ ನಮ್ಮ ಅಜ್ಜಿಯರ ಪಾಕಪ್ರಪಂಚವೆಲ್ಲವೂ ಭೂಮಿಗೆ ಒಂದು ಗೇಣಿನ ಅಂತರದಲ್ಲಿಯೇ ನಡೆಯುತ್ತಿದ್ದಿತು. 1960ರ ದಶಕದಿಂದೀಚೆಗೆ ಅನಿಲದ ಸಿಲಿಂಡರು ಪಟ್ಟಣದ ಮನೆಗಳನ್ನು ಒಂದೊಂದಾಗಿ ಹೊಕ್ಕು, ಒಲೆಯು ಸಿಲಿಂಡರಿಗಿಂತ ಮೇಲಿರತಕ್ಕದ್ದೆಂಬ ನಿಯಮವೂ ಅದರ ಬೆನ್ನಿಗೇ ಬಂದ ಮೇಲೆ, ಗೃಹಿಣಿಯು ಎದ್ದು ನಿಂತಳು, ಅವಳ ಮುಂದೆ ಒಂದು ಕಟ್ಟೆಯೂ ಎದ್ದಿತು. ಇಂದು ಮನೆಯಲ್ಲಿ ಅತ್ಯಧಿಕವಾಗಿ ದುಡಿಯುವ ಸ್ಥಳವೆಂದರೆ ಅದೇ. ಆದರೂ ಮನೆ ಕಟ್ಟಿಸುವವರು ಮುಂಬಾಗಿಲಿನ ತೇಗಕ್ಕೆ ಕೊಡುವ ಆಲೋಚನೆಯ ಕಾಲುಭಾಗವನ್ನೂ ಇದಕ್ಕೆ ಕೊಡುವುದಿಲ್ಲ. ಕಲ್ಲಿನ ಅಂಗಡಿಯ ಅಂಗಳದಲ್ಲಿ ಸಾಲಾಗಿ ಒರಗಿಸಿದ ಚಪ್ಪಡಿಗಳ ಮೇಲೆ ನೀರೆರಚಿಸಿ, ಹೊಳಪಿಗೆ ಮರುಳಾಗಿ, ಚದರಡಿಗೆ ಇಷ್ಟೆಂದು ಚೌಕಾಶಿ ಮಾಡಿ, ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ.

ಮಲೆನಾಡಿನಲ್ಲಿ ಈ ಔದಾಸೀನ್ಯವು ಅಷ್ಟಾಗಿ ಬಾಧಿಸದೆ ಇದ್ದೀತು. ಆದರೆ ಕಲಬುರಗಿ, ರಾಯಚೂರು, ಯಾದಗಿರಿಗಳಂಥ ಸೀಮೆಯಲ್ಲಿ, ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ವಾರ್ತೆಯೇ ಅಲ್ಲದ ಕಡೆಯಲ್ಲಿ, ಕಟ್ಟೆಯ ವಸ್ತುವನ್ನು ಆರಿಸುವುದು ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಲ್ಲಿ ಅಂಗಡಿಕಾರನು ಮೊದಲು ಆಡುವ ಮಾತು ಒಂದೇ: “ಈ ಕಲ್ಲು ಹಾಕಿಸ್ರಿ, ತಂಪಿರ್ತದ್ರಿ.” ಈ ಮಾತನ್ನೇ ಮೊದಲು ಪರೀಕ್ಷಿಸಬೇಕು.

ಕಲ್ಲು ತನ್ನಷ್ಟಕ್ಕೆ ತಂಪಾದ ಪದಾರ್ಥವಲ್ಲ. ನೆರಳಿನಲ್ಲಿ ಬಹುಕಾಲ ಬಿದ್ದಿರುವ ಕಲ್ಲು, ಮರ, ಉಕ್ಕು ಮೂರೂ ಆ ಕೋಣೆಯ ಗಾಳಿಯಷ್ಟೇ ಬಿಸಿಯಾಗಿರುತ್ತವೆ. ನಮ್ಮ ಅಂಗೈಯ ಚರ್ಮದ ಶಾಖವು ಸಾಮಾನ್ಯವಾಗಿ 33, 34 ಡಿಗ್ರಿಗಳಷ್ಟಿರುವುದರಿಂದ, ಕೋಣೆಯು ಅದಕ್ಕಿಂತ ತಣ್ಣಗಿರುವ ದಿನಗಳಲ್ಲಿ ಕಲ್ಲು ನಮ್ಮ ಕೈಯ ಶಾಖವನ್ನು ಮರಕ್ಕಿಂತ ಎಷ್ಟೋ ವೇಗವಾಗಿ ಸೆಳೆದುಕೊಳ್ಳುತ್ತದೆ. ಆ ಸೆಳೆತವನ್ನೇ ನಾವು ತಂಪೆಂದು ಅನುಭವಿಸುತ್ತೇವೆ. ಮೇ ತಿಂಗಳ ಅಪರಾಹ್ನದಲ್ಲಿ, ತಾರಸಿಯು ದಿನವೆಲ್ಲ ಹೀರಿದ ಬಿಸಿಲನ್ನು ಒಳಕ್ಕೆ ಕಾರುತ್ತಿರುವಾಗ, ಅಡುಗೆಮನೆಯ ಗಾಳಿಯು 38 ಡಿಗ್ರಿಗೆ ಏರಿತೆನ್ನೋಣ. ಆಗ ವ್ಯವಹಾರವು ತಿರುಗುಮುರುಗಾಗುತ್ತದೆ. ಯಾವ ಕಲ್ಲು ಕೈಯ ಶಾಖವನ್ನು ಬೇಗನೆ ಕೊಂಡುಕೊಳ್ಳುತ್ತಿದ್ದಿತೋ ಅದೇ ಕಲ್ಲು ಈಗ ತನ್ನ ಶಾಖವನ್ನು ಅಷ್ಟೇ ಬೇಗನೆ ಕೈಗೆ ಕೊಡುತ್ತದೆ. ಮರದ ಹಲಗೆಯೇ ಅದಕ್ಕಿಂತ ಹಿತವೆನಿಸುತ್ತದೆ. ತಂಪನ್ನು ಕೊಡುವುದು ದಪ್ಪ ಗೋಡೆ, ಎತ್ತರದ ಮಾಡು, ಎದುರುಬದುರಾದ ಗಾಳಿಕಂಡಿ. ಕಲ್ಲು ಆ ಮನೆಯ ಸ್ಥಿತಿಯನ್ನು ನಮ್ಮ ಕೈಗೆ ವರದಿ ಮಾಡುತ್ತದೆ, ಅಷ್ಟೆ.

ಆದುದರಿಂದ ಯಾವ ಕಲ್ಲು ಎಂಬುದಕ್ಕಿಂತ ಮುಂಚೆ ಕಟ್ಟೆಯು ಯಾವ ಕಿಟಕಿಯ ಕೆಳಗೆ ಬರುತ್ತದೆಂಬುದನ್ನು ನಿಶ್ಚಯಿಸುವುದು ವಿವೇಕ. ವಾಸ್ತುವನ್ನು ನಂಬುವವರು ಅಡುಗೆಮನೆಗೆ ಆಗ್ನೇಯವನ್ನು ಹುಡುಕುತ್ತಾರೆ. ನಿವೇಶನವು ಅದಕ್ಕೆ ಎಡೆಗೊಡದಿದ್ದರೆ ವಾಯವ್ಯಕ್ಕೆ ಸರಿಯುತ್ತಾರೆ. ಕಲಬುರಗಿಯ ಅಕ್ಷಾಂಶದಲ್ಲಿ ಮೇ ತಿಂಗಳ ಮೊದಲ ಪಕ್ಷದೊಳಗೆ ಸೂರ್ಯನು ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನಾದ್ದರಿಂದ, ಅವನು ಮುಳುಗುವುದೂ ಪಶ್ಚಿಮಕ್ಕಿಂತ ತುಸು ಉತ್ತರದಲ್ಲಿ. ಹೀಗಾಗಿ ವಾಯವ್ಯದ ಕಿಟಕಿಯು ವರ್ಷದ ಅತಿ ಕ್ರೂರವಾದ ಬಿಸಿಲನ್ನು, ಸಂಜೆಯ ಅಡುಗೆಯ ಹೊತ್ತಿಗೆ ಸರಿಯಾಗಿ, ನೇರವಾಗಿ ಕಟ್ಟೆಯ ಮೇಲೆ ಸುರಿಯುತ್ತದೆ. ಅಲ್ಲಿ ಕಪ್ಪು ಚಪ್ಪಡಿಯನ್ನು ಹಾಸಿದವರು ನಾಲ್ಕು ಗಂಟೆಯ ಮೇಲೆ ಅದರ ಮೇಲೆ ಹಿಟ್ಟು ನಾದಿ ನೋಡಬೇಕು. ಕಿಟಕಿಯ ಮೇಲೆ ಅಗಲವಾದ ಸಜ್ಜೆ, ಅದಾಗದಿದ್ದರೆ ಬಿದಿರಿನ ತಟ್ಟಿ, ಕಲ್ಲಿಗೆ ಬೂದು ಅಥವಾ ಗೋಧಿಯ ಬಣ್ಣ: ಇಷ್ಟರಿಂದ ಆಗುವ ಉಪಕಾರವು ದುಬಾರಿಯ ಯಾವ ಚಪ್ಪಡಿಯಿಂದಲೂ ಆಗದು.

ಇನ್ನು ವಸ್ತುಗಳ ವಿಚಾರ. ಈ ಸೀಮೆಯ ಜನಕ್ಕೆ ಮನೆಬಾಗಿಲಿನಲ್ಲಿಯೇ ದೊರೆಯುವುದು ಶಹಾಬಾದದ ಫರಸಿ. ಭೀಮಾ ತೀರದ ಭೂಮಿಯಲ್ಲಿ ಪದರಪದರವಾಗಿ ಮಲಗಿರುವ ಈ ಸುಣ್ಣಕಲ್ಲು, ಪುಡಿಯಾಗಿ ವಾಡಿ, ಸೇಡಂಗಳ ಕಾರ್ಖಾನೆಗಳಲ್ಲಿ ಸಿಮೆಂಟಾಗುವಂಥದೇ, ಪದರ ಬಿಡಿಸಿದರೆ ಬಡವನ ಮನೆಯ ನೆಲವೂ ಆಗುತ್ತದೆ, ಶ್ರೀಮಂತನ ವಾಡೆಯ ಅಂಗಳವೂ ಆಗುತ್ತದೆ. ಆಂಧ್ರದ ಕಡಪ, ಕರ್ನೂಲು ಕಡೆಯ ಕರಿಯ ಕಡಪ ಕಲ್ಲು ಇದರ ದಾಯಾದಿ. ಅದೂ ಸುಣ್ಣದ ಜಾತಿಯೇ. ಇವೆರಡೂ ಅಗ್ಗ, ಇವೆರಡೂ ಭಾರವನ್ನು ಚೆನ್ನಾಗಿ ತಾಳುತ್ತವೆ, ಒಲೆಯಿಂದ ಇಳಿಸಿದ ಪಾತ್ರೆಗೆ ಇವೆರಡೂ ಬೆದರುವುದಿಲ್ಲ. ಬೆದರುವುದು ಹುಳಿಗೆ. ಹುಣಸೆಯ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ, ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ, ಇವುಗಳಲ್ಲಿ ಯಾವುದು ತಾಕಿದರೂ ಸುಣ್ಣಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟು ಕರಗುತ್ತದೆ. ಸಾರಿಗೆ ಹುಣಸೆ ಕಿವುಚಿದ ಕೈಯನ್ನು ಊರಿದಲ್ಲಿ, ಉಪ್ಪಿನಕಾಯಿಯ ಜಾಡಿಯ ಅಡಿಯಲ್ಲಿ, ಮಂಕಾದ ಮಚ್ಚೆಯೊಂದು ಏಳುತ್ತದೆ. ಕಲ್ಲಿನ ಮೈಯೇ ಅಷ್ಟರಮಟ್ಟಿಗೆ ಕರಗಿಹೋಗಿರುವುದರಿಂದ ಯಾವ ಸಾಬೂನಿಗೂ ಅದು ಜಗ್ಗದು. ಹಳೆಯ ಮನೆಗಳ ಫರಸಿಯ ಕಟ್ಟೆಗಳು ಈ ಅವಮಾನದಿಂದ ಪಾರಾದುದಕ್ಕೆ ಕಾರಣವಿಷ್ಟೆ: ಅವುಗಳಿಗೆ ಹೊಳಪು ಕೊಟ್ಟಿರಲಿಲ್ಲ, ಆದಕಾರಣ ಕಳೆದುಕೊಳ್ಳುವುದಕ್ಕೂ ಏನಿರಲಿಲ್ಲ. ಒರಟು ಮೈಯ ಫರಸಿಯನ್ನು ಹಿತ್ತಲಿನ ಪಾತ್ರೆ ತೊಳೆಯುವ ಕಟ್ಟೆಗೂ ನೀರಿನ ಕೊಡದ ಜಗಲಿಗೂ ಇಂದಿಗೂ ಧಾರಾಳವಾಗಿ ಹಾಸಬಹುದು. ಕನ್ನಡಿಯಂತೆ ಪಾಲಿಶ್ ಮಾಡಿಸಿ ಒಲೆಯ ಬಳಿಗೆ ತರಬಾರದು.

ಅಮೃತಶಿಲೆಯ ಕಥೆಯೂ ರಸಾಯನಶಾಸ್ತ್ರದ ದೃಷ್ಟಿಯಿಂದ ಇದೇ. ಮಕ್ರಾನದ ಬಿಳುಪಿಗೆ ತಾಜಮಹಲು ಸಾಕ್ಷಿಯಿದ್ದರೂ, ತಾಜಮಹಲಿನಲ್ಲಿ ಯಾರೂ ಹುಳಿಯನ್ನ ಕಲಸುವುದಿಲ್ಲ. ಚಪಾತಿ ಲಟ್ಟಿಸುವುದಕ್ಕೆ ಅಮೃತಶಿಲೆಯ ಒಂದು ತುಂಡನ್ನು ಬೇರೆಯಾಗಿ ಇಟ್ಟುಕೊಂಡರೆ ಅದರ ಸುಖವೆಲ್ಲ ದಕ್ಕುತ್ತದೆ.

ಗ್ರಾನೈಟಿನ ಬಗ್ಗೆ ನಿಧಾನವಾಗಿ ಹೇಳಬೇಕು. ಏಕೆಂದರೆ ನಮ್ಮ ರಾಜ್ಯವು ನಿಂತಿರುವುದೇ ಬಹುಪಾಲು ಅದರ ಮತ್ತು ಅದರ ಬಂಧುಗಳಾದ ಶಿಲೆಗಳ ಮೇಲೆ. ಭೂಗರ್ಭದಲ್ಲಿ ಕರಗಿದ ಶಿಲಾದ್ರವವು ಅತಿ ಮಂದವಾಗಿ ಆರುವಾಗ ಹರಳುಗಟ್ಟಿದ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಸಂಧಿಯೇ ಗ್ರಾನೈಟು. ಅಂಥ ಜನ್ಮವುಳ್ಳ ಶಿಲೆಗೆ ಒಲೆಯಿಂದ ಇಳಿಸಿದ ಬಾಣಲೆಯ 200 ಡಿಗ್ರಿಯೆಂಬುದು ಲಕ್ಷಿಸತಕ್ಕ ವಿಷಯವೇ ಅಲ್ಲ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾನದಲ್ಲಿ ಅಮೃತಶಿಲೆಯು 3ರ ಸ್ಥಾನದಲ್ಲಿದ್ದರೆ, ಗ್ರಾನೈಟಿನ ಫೆಲ್ಡ್‌ಸ್ಪಾರ್ 6ರಲ್ಲಿಯೂ ಬೆಣಚು 7ರಲ್ಲಿಯೂ ನಿಲ್ಲುತ್ತವೆ. ಉಕ್ಕಿನ ಚಾಕು ಅಮೃತಶಿಲೆಗೂ ಗ್ರಾನೈಟಿಗೂ ಮಧ್ಯದಲ್ಲಿರುವುದರಿಂದ ಸುಣ್ಣಕಲ್ಲನ್ನು ಗೀರುತ್ತದೆ, ಗ್ರಾನೈಟಿನ ಮುಂದೆ ತಾನೇ ಮೊಂಡಾಗುತ್ತದೆ. ಹುಳಿಗೂ ಗ್ರಾನೈಟು ಸೋಲದು. ಸೀರೆಗೆ ಹೆಸರಾದ ಇಳಕಲ್ಲಿನ ಸುತ್ತಮುತ್ತಲಿನ ನಸುಗೆಂಪು ಶಿಲೆಯು ಈ ಜಾತಿಯದು. ಚಾಮರಾಜನಗರದ ಪ್ರಖ್ಯಾತವಾದ ಕಪ್ಪು ಚಪ್ಪಡಿಯನ್ನು ವ್ಯಾಪಾರದಲ್ಲಿ ಗ್ರಾನೈಟೆಂದು ಕರೆದರೂ ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎಂಬ ಬೇರೊಂದು ಕುಲಕ್ಕೆ ಸೇರಿಸುತ್ತಾರೆ. ಆ ಕುಲಭೇದದಿಂದ ಅಡುಗೆಗೆ ನಷ್ಟವಿಲ್ಲ; ಅದು ಇನ್ನೂ ಸಾಂದ್ರವಾದುದು, ಎಣ್ಣೆಯನ್ನು ಕುಡಿಯುವುದು ಬಹಳ ಕಡಿಮೆ.

ಆದರೆ ಅಂಗಡಿಯಲ್ಲಿರುವ ಕಪ್ಪೆಲ್ಲ ಹುಟ್ಟುಗಪ್ಪಲ್ಲ. ಬೂದುಬಣ್ಣದ ಕಲ್ಲಿಗೆ ಬಣ್ಣ ಕುಡಿಸಿ ಕಪ್ಪೆಂದು ಮಾರುವುದುಂಟು. ಉಗುರುಬಣ್ಣ ತೆಗೆಯುವ ಅಸಿಟೋನಿನಲ್ಲಿ ಬಿಳಿಯ ಬಟ್ಟೆಯನ್ನು ಅದ್ದಿ ಉಜ್ಜಿದರೆ ಆ ಬಣ್ಣವು ಬಟ್ಟೆಗೆ ಬರುತ್ತದೆ. ಚಪ್ಪಡಿಯ ಹಿಂಬದಿಯನ್ನು ತಿರುಗಿಸಿ ನೋಡುವ ಗಿರಾಕಿಯು ಅಪರೂಪ, ಅಲ್ಲಿಯೇ ಅನೇಕ ಸತ್ಯಗಳಿರುತ್ತವೆ: ಗಾಜಿನ ನಾರಿನ ಜಾಲರಿಯನ್ನು ಅಂಟಿಸಿದ್ದರೆ ಆ ಕಲ್ಲಿನಲ್ಲಿ ಸಹಜವಾದ ಬಿರುಕುಗಳಿವೆಯೆಂದೂ ಅದನ್ನು ರಾಳದಿಂದ ಬಿಗಿಸಿ ನಿಲ್ಲಿಸಿದ್ದಾರೆಂದೂ ಊಹಿಸಬಹುದು. ಒಂದು ಹನಿ ನೀರನ್ನು ಹಾಕಿ ಹತ್ತು ನಿಮಿಷ ಬಿಟ್ಟಾಗ ಕೆಳಗಿನ ಕಲ್ಲು ಕಪ್ಪಿಟ್ಟರೆ, ಒಗ್ಗರಣೆಯ ಎಣ್ಣೆಯೂ ಅದೇ ದಾರಿಯಲ್ಲಿ ಒಳಹೊಗುವುದು ನಿಶ್ಚಯ. ಅಂಥ ಕಲ್ಲಿಗೆ ಕಾಲಕಾಲಕ್ಕೆ ಸೀಲರ್ ಬಳಿಸುವ ಸಂಯಮವಿಲ್ಲದವರು ಅದನ್ನು ಬಿಟ್ಟು ಮುಂದೆ ನಡೆಯುವುದು ಮೇಲು.

ಬಿಳಿಯ ಮತ್ತು ನಸುಬಣ್ಣದ ಕಟ್ಟೆಗಳಿಗೆ ನಮ್ಮ ಮನೆಗಳಲ್ಲಿ ನಿತ್ಯಶತ್ರುವೆಂದರೆ ಅರಿಶಿನ. ಅದರಲ್ಲಿಯೂ ಒಂದು ಸ್ವಾರಸ್ಯವಿದೆ. ಅರಿಶಿನಕ್ಕೆ ಸುಣ್ಣ ಸೇರಿದಾಗ ಆರತಿಯ ಓಕುಳಿ ಕೆಂಪಾಗುವುದನ್ನು ಕಾಣದವರಿಲ್ಲ. ಕ್ಷಾರದ ಸಾಬೂನಿನ ಪುಡಿಯಿಂದ ಅರಿಶಿನದ ಕಲೆಯನ್ನು ತಿಕ್ಕಿದಾಗ ಅದು ಕೆಂಪಗಾಗಿ ಮನೆಯವರನ್ನು ಹೆದರಿಸುವುದು ಅದೇ ನ್ಯಾಯದಿಂದ. ಆದರೆ ಆ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯಕ್ಕೆ ಬೆಳಕನ್ನು ತಾಳುವ ಶಕ್ತಿಯಿಲ್ಲ. ಬಿಸಿಲು ಬೀಳುವ ಕಟ್ಟೆಯ ಮೇಲಿನ ಅರಿಶಿನದ ಕಲೆಯು ತಾನಾಗಿಯೇ ಮಾಸುತ್ತ ಬರುತ್ತದೆ. ಬಿಸಿಲು ನಮ್ಮ ಅಡುಗೆಮನೆಗೆ ಮಾಡುವ ಅಲ್ಪ ಉಪಕಾರಗಳಲ್ಲಿ ಇದೊಂದು.

ಈಗಿನ ಅಂಗಡಿಗಳಲ್ಲಿ ಅಗ್ರಪೂಜೆಯು ಸಲ್ಲುತ್ತಿರುವುದು ಕ್ವಾರ್ಟ್ಸ್ ಎಂಬ ಕೃತಕ ಚಪ್ಪಡಿಗೆ. ಇಟಲಿಯ ಬ್ರೆಟನ್ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿದ ವಿಧಾನದಿಂದ, ಬೆಣಚುಕಲ್ಲಿನ ಪುಡಿಯನ್ನು ರಾಳದೊಡನೆ ಕಲಸಿ, ನಿರ್ವಾತದಲ್ಲಿ ಅದುಮಿ ಕಂಪಿಸಿ ಗಟ್ಟಿ ಮಾಡಿದ ವಸ್ತುವಿದು. ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಲ್ಲಾದರೂ, ಅದರ ಶೀಲವನ್ನು ನಿರ್ಧರಿಸುವುದು ಉಳಿದ ಒಂದು ಪಾಲಿನ ರಾಳ. ಎಣ್ಣೆಯು ಇಳಿಯುವುದಿಲ್ಲ, ಹುಳಿಯು ತಿನ್ನುವುದಿಲ್ಲ, ಚಪ್ಪಡಿಯಿಂದ ಚಪ್ಪಡಿಗೆ ಬಣ್ಣವು ಬೇರೆಯಾಗುವುದಿಲ್ಲ, ಇವೆಲ್ಲ ನಿಜ. ಆದರೆ ಆ ರಾಳವು ತಾಳುವುದು ಸುಮಾರು 150 ಡಿಗ್ರಿಯವರೆಗೆ ಮಾತ್ರ. ಕುಕ್ಕರು ಸೀಟಿ ಹೊಡೆಯುವಾಗ ಒಳಗಿನ ಉಗಿಯು 120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಿರ್ಚಿ ಭಜಿಯ ಬಾಣಲೆಯ ಎಣ್ಣೆಯು 180ನ್ನು ಮುಟ್ಟುತ್ತದೆ. ರೊಟ್ಟಿಯ ಹಂಚು ಅದನ್ನೂ ಮೀರಿ ಹೋಗುತ್ತದೆ. ಜೋಳದ ರೊಟ್ಟಿಯು ದಿನದ ಅನ್ನವಾಗಿರುವ ಮನೆಯಲ್ಲಿ ಇಳಿಸಿದ ಹಂಚನ್ನು ಅವಸರದಲ್ಲಿ ಕಟ್ಟೆಯ ಮೇಲಿಡದೆ ಇರುವ ದಿನ ಯಾವುದು? ಒಮ್ಮೆ ರಾಳವು ಸುಟ್ಟು ಹಳದಿಯಾದರೆ ಅದನ್ನು ತಿಕ್ಕಿ ತೆಗೆಯುವ ಉಪಾಯವಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳೂ ಈ ರಾಳಕ್ಕೆ ಅಹಿತ. ಆದುದರಿಂದ ಪಡುವಣ ಕಿಟಕಿಯ ಕೆಳಗೂ ಬಯಲಿನ ಕಟ್ಟೆಗೂ ಇದು ಸಲ್ಲದು. ತಣ್ಣನೆಯ ದೇಶಗಳಲ್ಲಿ, ಒಲೆಯೊಳಗೇ ಬೇಯಿಸಿ ಮೇಜಿನ ಮೇಲೆ ಬಡಿಸುವವರ ಮನೆಗಳಲ್ಲಿ ಗಳಿಸಿದ ಕೀರ್ತಿಯನ್ನು ಇದು ಇಲ್ಲಿಗೆ ಹೊತ್ತು ತಂದಿದೆಯೆಂದು ನನ್ನ ಅಭಿಪ್ರಾಯ.

ಉಳಿದವನ್ನು ಬೇಗನೆ ಮುಗಿಸಬಹುದು. ಡ್ಯೂಪಾಂಟ್ ಸಂಸ್ಥೆಯು 1967ರಲ್ಲಿ ರೂಪಿಸಿ, ಮುಂದೆ ಕೋರಿಯನ್ ಎಂಬ ಹೆಸರಿನಿಂದ ಹೊರತಂದ ಅಕ್ರಿಲಿಕ್ ಹಲಗೆಯು ಬೆಸುಗೆ ಕಾಣದಂತೆ ಕೂಡುತ್ತದೆ, ಆದರೆ ಶಾಖದಲ್ಲಿ ಕ್ವಾರ್ಟ್ಸಿಗಿಂತಲೂ ಸುಕುಮಾರಿ. ಸ್ಟೇನ್‌ಲೆಸ್ ಉಕ್ಕು ಹೋಟೆಲಿನ ಅಡುಗೆಗೆ ಶ್ರೇಷ್ಠ; ಮನೆಯಲ್ಲಿ ಅದರ ಸದ್ದು ಮತ್ತು ಗೀರುಗಳನ್ನು ಸಹಿಸುವ ಮನಸ್ಸಿರಬೇಕು. ಟೈಲಿನ ಸಂದುಗಳು ಜಿಡ್ಡಿನ ಉಗ್ರಾಣ. ಸುಮಾರು 1200 ಡಿಗ್ರಿಯ ಕುಲುಮೆಯಲ್ಲಿ ಬೆಂದು ಬರುವ ಹೊಸ ಪಿಂಗಾಣಿಯ ದೊಡ್ಡ ಫಲಕಗಳು ಬಿಸಿಲಿಗೂ ಬೆಂಕಿಗೂ ಅಂಜುವುದಿಲ್ಲವಾದರೂ, ಅಂಚಿಗೆ ಕುಕ್ಕರು ತಗುಲಿದರೆ ಚಕ್ಕೆ ಏಳುತ್ತವೆ, ಮತ್ತು ಅವನ್ನು ಸರಿಯಾಗಿ ಕೊಯ್ಯಬಲ್ಲ ಕೆಲಸಗಾರರು ಸಣ್ಣ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ.

ಹೀಗಾಗಿ ನನ್ನ ತೀರ್ಪು ಸರಳವಾದುದು: ಬಿಸಿಲ ಸೀಮೆಯ ಮನೆಗೆ ನಮ್ಮದೇ ನೆಲದ ಗ್ರಾನೈಟು, ಬಣ್ಣವು ತೀರ ಕಪ್ಪೂ ತೀರ ಬಿಳಿದೂ ಅಲ್ಲದ ಬೂದು ಅಥವಾ ನಸುಗೆಂಪು, ದಪ್ಪವು 18 ಮಿಲಿಮೀಟರಿಗೆ ಕಡಿಮೆಯಲ್ಲ, ಕೆಳಗಿನ ಆಸರೆಗೆ, ಗೆದ್ದಲೂ ನೀರೂ ಮುಟ್ಟದ ಕಡಪ ಕಲ್ಲು. ಸಿಂಕಿಗಾಗಿ ಕೊರೆದ ತೂತಿನ ಮೂಲೆಗಳನ್ನು ಚೌಕವಾಗಿ ಬಿಡದೆ ದುಂಡಗೆ ಮಾಡಿಸಬೇಕು, ಏಕೆಂದರೆ ಚಪ್ಪಡಿಯು ಬಿರಿಯುವುದು ಸಾಮಾನ್ಯವಾಗಿ ಆ ಮೂಲೆಯಿಂದಲೇ. ಹಣ ಕೊಡುವ ಮುನ್ನ ಅದೇ ಚಪ್ಪಡಿಯ ಒಂದು ತುಣುಕನ್ನು ಕೇಳಿ ತಂದು, ಅದರ ಮೇಲೆ ನಿಂಬೆಯ ಹೋಳು, ಹುಣಸೆಯ ರಸ, ಎಣ್ಣೆಯಲ್ಲಿ ಕಲಸಿದ ಅರಿಶಿನ ಇವನ್ನು ಒಂದು ರಾತ್ರಿ ಬಿಟ್ಟು ಬೆಳಗ್ಗೆ ತೊಳೆದು ನೋಡಿದರೆ, ಅಂಗಡಿಕಾರನ ವಾಕ್ಚಾತುರ್ಯಕ್ಕೆ ಬೇರೆ ಉತ್ತರವೇ ಬೇಕಾಗದು.

ಕೊನೆಯದಾಗಿ, ಕಲ್ಲನ್ನು ಕೊಯ್ಯುವವನ ವಿಚಾರ. ಬೆಣಚಿನ ಸೂಕ್ಷ್ಮವಾದ ಧೂಳು ಶ್ವಾಸಕೋಶವನ್ನು ಹೊಕ್ಕರೆ ಸಿಲಿಕೋಸಿಸ್ ಎಂಬ, ಗುಣವಾಗದ ವ್ಯಾಧಿಯನ್ನು ತರುತ್ತದೆ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರು ಅದರಿಂದ ಬಳಲಿದುದನ್ನು ಕಂಡು ಮೈಸೂರು ಸಂಸ್ಥಾನವು 1940ರಲ್ಲಿಯೇ ನಿಯಮಗಳನ್ನು ಮಾಡಿದ್ದಿತು. ಕ್ವಾರ್ಟ್ಸ್ ಚಪ್ಪಡಿಯಲ್ಲಿ ಆ ಧೂಳಿನ ಅಂಶವು ಎಲ್ಲಕ್ಕಿಂತ ಅಧಿಕವಾದುದರಿಂದ ಆಸ್ಟ್ರೇಲಿಯವು 2024ರ ಜುಲೈ 1ರಿಂದ ಅದರ ತಯಾರಿಕೆಯನ್ನೂ ಬಳಕೆಯನ್ನೂ ನಿಷೇಧಿಸಿದೆ. ಗ್ರಾನೈಟಿನಲ್ಲಿ ಅಂಶವು ಕಡಿಮೆಯೆಂದರೂ ಅದು ನಿರಪಾಯಕರವಲ್ಲ. ನಮ್ಮ ಬೀದಿಗಳಲ್ಲಿ ಈ ಕೆಲಸವು ಮನೆಯ ಮುಂದೆಯೇ, ಮೂಗಿಗೆ ಕರವಸ್ತ್ರ ಕಟ್ಟಿದ ಹುಡುಗನ ಕೈಯಲ್ಲಿ, ಒಣ ಕಟಿಂಗ್ ಮಷೀನಿನಿಂದ ನಡೆಯುತ್ತದೆ. ಮನೆ ಕಟ್ಟಿಸುವವರಲ್ಲಿ ವಿನಂತಿಯಿಷ್ಟೆ: ಕಲ್ಲನ್ನು ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ಹರಿಯುತ್ತಿರಲೇಬೇಕೆಂದು ಕರಾರು ಮಾಡಿಕೊಳ್ಳಿ, ಅದಕ್ಕೊಂದು ಪೈಪನ್ನೂ ಒಳ್ಳೆಯ ಮುಸುಕನ್ನೂ ನೀವೇ ಒದಗಿಸಿ, ಮತ್ತು ಅದಕ್ಕಾಗಿ ಅವನು ಕೇಳುವ ಹೆಚ್ಚಿನ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡಿ.