ಉಬ್ಬರವೇರಿ ಗೇರುಸೊಪ್ಪೆಗೆ

ಪ್ರಾಚೀನ ಈಜಿಪ್ಟಿನ ವರ್ತಕನನ್ನು ಭಾಗ್ಯಶಾಲಿಯೆಂದೇ ಹೇಳಬೇಕು. ನೈಲ್ ನದಿ ಹರಿಯುವುದು ಉತ್ತರಕ್ಕೆ; ಅಲ್ಲಿಯ ಗಾಳಿ ವರ್ಷದ ಬಹುಭಾಗ ಬೀಸುವುದು ದಕ್ಷಿಣಕ್ಕೆ. ಇಳಿಯುವಾಗ ಪ್ರವಾಹವೂ ಏರುವಾಗ ಹಾಯಿಯೂ ಅವನ ಸರಕನ್ನು ಸಾಗಿಸುತ್ತಿದ್ದವು. ಆ ನಾಡಿನ ಚಿತ್ರಲಿಪಿಯಲ್ಲಿ ದಕ್ಷಿಣದ ಪಯಣವನ್ನು ಹಾಯಿ ಬಿಚ್ಚಿದ ದೋಣಿಯಿಂದಲೂ ಉತ್ತರದ ಪಯಣವನ್ನು ಹಾಯಿ ಇಳಿಸಿದ ದೋಣಿಯಿಂದಲೂ ಸೂಚಿಸುತ್ತಿದ್ದರು. ಕ್ರಿ.ಪೂ. ೧೨೧೩ರಲ್ಲಿ ಮಡಿದ ದೊರೆ ಎರಡನೆಯ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಕಾಳುಮೆಣಸು ದೊರೆತಿದೆ. ಆ ಬಳ್ಳಿಯ ತವರು ಪಶ್ಚಿಮಘಟ್ಟ. ಹಾಗಾದರೆ ಘಟ್ಟದ ಬುಡದಿಂದ ಕಡಲಿಗೆ ಮೆಣಸನ್ನು ತರುತ್ತಿದ್ದ ನಮ್ಮ ವರ್ತಕನ ಪಾಡೇನು?

೧೬ನೆಯ ಶತಮಾನದ ಉತ್ತರಾರ್ಧದ ಹೊನ್ನಾವರವನ್ನು ನೋಡೋಣ. ಗೇರುಸೊಪ್ಪೆಯಲ್ಲಿ ಆಗ ರಾಣಿ ಚೆನ್ನಭೈರಾದೇವಿಯ ಆಳಿಕೆ. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದೇ ಕರೆದರು. ಜೋಗದಲ್ಲಿ ೨೫೩ ಮೀಟರ್ ಧುಮುಕುವ ಶರಾವತಿ ಕಣಿವೆಯನ್ನು ದಾಟಿ ಗೇರುಸೊಪ್ಪೆಯ ಬಳಿ ಸಮತಟ್ಟಿಗೆ ಬರುತ್ತದೆ. ಅಲ್ಲಿಂದ ಕಡಲು ಸುಮಾರು ೩೦ ಕಿಲೋಮೀಟರ್. ಎತ್ತಿನ ಹೇರು ಮುಗಿದು ದೋಣಿಯ ಹೇರು ಮೊದಲಾಗುವ ಈ ತಾಣದಲ್ಲಿ ಪಟ್ಟಣ ಬೆಳೆದುದು ಆಕಸ್ಮಿಕವಲ್ಲ. ಕುಮಟೆಯ ಕಡೆ ಅಘನಾಶಿನಿಯ ದಡದ ಉಪ್ಪಿನಪಟ್ಟಣವೂ ಇಂಥದೇ ನೆಲೆ. ಹೆಸರೇ ಸರಕನ್ನು ಸಾರುತ್ತದೆ. ಭಟ್ಕಳವೂ ಹೆಸರಾಂತ ಬಂದರೇ, ಆದರೆ ಅದರ ಹೊಳೆ ಚಿಕ್ಕದು.

ಶರಾವತಿಯಲ್ಲಿ ನೈಲಿನಂತೆ ಸದಾ ಅನುಕೂಲವಾದ ಗಾಳಿಯಿಲ್ಲ. ಬದಲಿಗೆ ಚಂದ್ರನಿದ್ದಾನೆ! ಕಡಲಿನ ಉಬ್ಬರ ಅಳಿವೆಯನ್ನು ಹೊಕ್ಕು ಹೊಳೆಯ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಸುಮಾರು ಆರು ಗಂಟೆ ಏರಿ, ಆರು ಗಂಟೆ ಇಳಿಯುತ್ತದೆ. ಭೂಮಿ ತನ್ನ ಸುತ್ತ ತಿರುಗುವಷ್ಟರಲ್ಲಿ ಚಂದ್ರನೂ ತುಸು ಮುಂದೆ ಸರಿದಿರುವುದರಿಂದ ಉಬ್ಬರ ದಿನಕ್ಕೆ ಸರಾಸರಿ ೫೦ ನಿಮಿಷ ತಡವಾಗುತ್ತದೆ. ಹಳೆಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಎರಡು ಗಳಿಗೆ. ತಿಥಿ ತಿಳಿದವನಿಗೆ ಗಡಿಯಾರವೇಕೆ? ಅಮಾವಾಸ್ಯೆ, ಹುಣ್ಣಿಮೆಗಳಂದು ಈ ಕರಾವಳಿಯಲ್ಲಿ ಹಗಲಿನ ಉಬ್ಬರ ತುಂಬುವುದು ಮಧ್ಯಾಹ್ನಕ್ಕೆ ತುಸು ಮುಂಚೆ. ಅಷ್ಟಮಿಯ ವೇಳೆಗೆ ಅದು ಸಂಜೆಗೆ ಸರಿದಿರುತ್ತದೆ.

ಇಲ್ಲಿಯೇ ಇಕ್ಕಟ್ಟು. ನೆಲ ಕಾದು ಕಡಲಗಾಳಿ ಬಲವಾಗುವುದು ಮಧ್ಯಾಹ್ನದ ಮೇಲೆ. ಅಷ್ಟಮಿಯಂದು ಹೊರಟರೆ ಉಬ್ಬರವೂ ಗಾಳಿಯೂ ಕೂಡಿಬರುತ್ತವೆ. ಆದರೆ ಸೂರ್ಯಚಂದ್ರರ ಸೆಳೆತಗಳು ಒಂದಕ್ಕೊಂದು ಅಡ್ಡವಾಗಿರುವ ಆ ದಿನ ಉಬ್ಬರವೇ ದುರ್ಬಲ. ಹುಣ್ಣಿಮೆಯ ಉಬ್ಬರ ಬಲವಾದುದು, ಆದರೆ ಅದು ಏರುವುದು ಹಾಯಿ ಜೋತುಬಿದ್ದಿರುವ ಬೆಳಗಿನ ಹೊತ್ತಿನಲ್ಲಿ. ಆಗ ಅಂಬಿಗನಿಗೆ ಗಳ, ಹುಟ್ಟುಗಳೇ ಗತಿ. ಅವಸರವಿದ್ದವನು ತೋಳನ್ನೇ ನಂಬುತ್ತಿದ್ದನೆಂದು ನಮ್ಮ ಊಹೆ. ಇಳಿತ ಆರಂಭವಾದೊಡನೆ ದೋಣಿಯನ್ನು ದಡಕ್ಕೆ ಕಟ್ಟಿ, ಗಂಜಿ ಬೇಯಿಸಿ, ಮುಂದಿನ ಉಬ್ಬರಕ್ಕೆ ಕಾಯಬೇಕು.

ಏರುವ ದೋಣಿಯಲ್ಲಿ ಉಪ್ಪು, ಇಳಿಯುವ ದೋಣಿಯಲ್ಲಿ ಮೆಣಸು. ಕೊಯ್ಯುವಾಗ ಹಸಿರಾಗಿರುವ ಮೆಣಸು ಬಿಸಿಲಿಗೆ ಹರಡಿದಾಗ ಸಿಪ್ಪೆಯ ಕಿಣ್ವಗಳ ಕ್ರಿಯೆಯಿಂದ ಕಪ್ಪಾಗುತ್ತದೆ. ಚೆನ್ನಾಗಿ ಒಣಗಿದರೆ ವರ್ಷಗಟ್ಟಲೆ ಕೆಡದು. ತೇವ ತಾಗಿದರೆ ಬೂಷ್ಟು. ಶುದ್ಧಮಾಡದ ಸಮುದ್ರದುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡು ಗಾಳಿಯ ಪಸೆಯನ್ನು ಹೀರುವಂಥದು. ತಳದಲ್ಲಿ ಉಪ್ಪು ಉಳಿದ ದೋಣಿಗೆ ಮೆಣಸು ತುಂಬಿದವನು ಬೂಷ್ಟನ್ನೇ ಕೊಂಡಂತೆ!

ಕಾಲವೂ ಕಿರಿದು. ಕೊಯ್ಲು ಸುಮಾರು ಡಿಸೆಂಬರಿನಿಂದ ಮಾರ್ಚಿನವರೆಗೆ. ಜೂನಿನಲ್ಲಿ ಮಳೆಗಾಳಿ ಕಡಲನ್ನು ಮುಚ್ಚುತ್ತದೆ. ಹೊನ್ನಾವರದ ಅಳಿವೆಗೆ ಅಡ್ಡಲಾಗಿರುವ ಮರಳದಿಣ್ಣೆಯ ಮೇಲೆ ಅಲೆಗಳು ಒಡೆಯತೊಡಗಿದರೆ ಹೊರದಾರಿಯಿಲ್ಲ. ಅಷ್ಟರೊಳಗೆ ಹಡಗು ಸೇರದ ಸರಕನ್ನು ಮಳೆಗಾಲವೆಲ್ಲ ತೇವದಿಂದ ಕಾಯಬೇಕು. ಸಾಲ ತಂದವನಿಗೆ ಬಡ್ಡಿಯೂ ಬೆಳೆಯುತ್ತದೆ. ೧೫೬೯ರಲ್ಲಿ ಹೊನ್ನಾವರದ ಕೋಟೆಯನ್ನು ಪೋರ್ಚುಗೀಸರು ಹಿಡಿದ ಬಳಿಕ ಅವರ ಫಿರಂಗಿಗಳ ಭಯವೂ ಸೇರಿತು.

೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ ಇಕ್ಕೇರಿಗೆ ಹೋಗುವಾಗ ಇದೇ ಹೊಳೆಯಲ್ಲಿ ದೋಣಿಯಿಂದ ಗೇರುಸೊಪ್ಪೆಗೆ ಬಂದನು. ಹೊಳೆಯ ಚೆಲುವನ್ನು ಮನಸಾರೆ ಹೊಗಳಿದನು; ಪಟ್ಟಣವಾದರೋ ಆಗಲೇ ಪಾಳುಬಿದ್ದಿತ್ತು. ಚತುರ್ಮುಖ ಬಸದಿ ಇಂದಿಗೂ ಕಾಡಿನ ನಡುವೆ ನಿಂತಿದೆ. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಶರಾವತಿಯ ಸಿಹಿನೀರು ವಿದ್ಯುದಾಗಾರಗಳ ಅಂಕೆಗೆ ಒಳಪಟ್ಟಿದೆ. ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. ಕುಮಟೆಯ ವಿದ್ಯಾರ್ಥಿಗಳು ಅದರ ಅಳಿವೆಯ ದಕ್ಕೆಯೊಂದರಲ್ಲಿ ಗುರುತು ಹಾಕಿದ ಗಳವನ್ನು ಕಟ್ಟಿ, ಹುಣ್ಣಿಮೆಯಿಂದ ಅಷ್ಟಮಿಯವರೆಗೆ ನೀರು ತುಂಬುವ ವೇಳೆಯನ್ನೂ ಎತ್ತರವನ್ನೂ ಬರೆದಿಡಲಿ. ಎರಡು ಗಳಿಗೆಯ ಲೆಕ್ಕ ಯಾವ ದಿನ ಎಷ್ಟು ತಪ್ಪುವುದೆಂಬುದು ಎಂಟು ದಿನಗಳಲ್ಲೇ ಗೊತ್ತಾಗುತ್ತದೆ.